ವಿರೋಧಿಯಿಂದ ಶುಭಕೃತುವಿಗೆ: ವಿಜಯನಗರದಲ್ಲಿ ಬಾಲ್ಯದ ಗೆಳೆಯರು ಎದುರಾಳಿಗಳಾಗೋ ಪ್ರೇಮಕಥೆ ಬರೆಯೋದು ಹೇಗೆ

ಜೊತೆಗೆ ಆಡ್ಕೊಂಡು ಬೆಳೆದ ಹುಡುಗ ಹುಡುಗಿ, ದೊಡ್ಡವರಾಗೋ ಹೊತ್ತಿಗೆ ಎದುರುಬದುರು ನಿಂತಿರ್ತಾರೆ, ಆಮೇಲೆ ಪ್ರೀತಿ. ಈ ಥರದ ಐತಿಹಾಸಿಕ ಕಥೆ ಬರೀಬೇಕು ಅಂತ ತುಂಬಾ ಜನ ಶುರು ಮಾಡ್ತಾರೆ, ನಾಲ್ಕೈದು ಚಾಪ್ಟರ್ ಆದ್ಮೇಲೆ ಕಥೆ ಅಲ್ಲೇ ಕೂತುಬಿಡತ್ತೆ. ಯಾಕಂದ್ರೆ ಇವರಿಬ್ಬರೂ ಯಾಕೆ ಜಗಳ ಆಡ್ತಿದಾರೆ ಅಂತ ಬರೆಯೋರಿಗೇ ಗಟ್ಟಿಯಾಗಿ ಗೊತ್ತಿರಲ್ಲ. ಯಾರೋ ಓಲೆ ಕದ್ರು, ಯಾರೋ ಸುಳ್ಳು ಚಾಡಿ ಹೇಳಿದ್ರು ಅಂತ ಜಗಳ ಹಚ್ಚಿರ್ತಾರೆ, ಅಂಥ ಜಗಳ ಹತ್ತು ನಿಮಿಷ ಕೂತು ಮಾತಾಡಿದ್ರೆ ಮುಗಿದುಹೋಗತ್ತೆ, ಓದುಗರಿಗೂ ಅದು ಗೊತ್ತಾಗಿಬಿಡತ್ತೆ.

ಅದಕ್ಕೆ ನಾನು ಹೇಳೋದು ಒಂದೇ, ಜಗಳನ ಇತಿಹಾಸದಿಂದ ತಗೊಳ್ಳಿ, ಪ್ರೀತಿನ ಅವರಿಬ್ಬರ ಬಾಲ್ಯದಿಂದ ತಗೊಳ್ಳಿ, ಎರಡನ್ನೂ ಅದಲುಬದಲು ಮಾಡಬೇಡಿ. ಇದನ್ನ ಬರೀ ಮಾತಲ್ಲಿ ಹೇಳಿದ್ರೆ ಉಪಯೋಗ ಇಲ್ಲ, ಹಾಗಾಗಿ ವಿಜಯನಗರವನ್ನೇ ಉದಾಹರಣೆಗೆ ಇಟ್ಕೊಂಡು ಹೆಜ್ಜೆ ಹೆಜ್ಜೆಯಾಗಿ ಹೇಳ್ತೀನಿ.

ಮೊದಲನೇ ಹೆಜ್ಜೆ: ಇಸವಿ ಹಿಡ್ಕೊಳ್ಳಿ

ವಿಜಯನಗರ ಅಂದ ಕೂಡ್ಲೇ ಎಲ್ಲರೂ ಕೃಷ್ಣದೇವರಾಯನ ಕಾಲಕ್ಕೇ ಹೋಗ್ತಾರೆ, 1509ರಿಂದ 1529. ವೈಭವ ಬೇಕು ಅಂದ್ರೆ ಸರಿ. ಆದ್ರೆ ನಮ್ಮ ಕಥೆಗೆ ಅಲ್ಲೊಂದು ತೊಂದರೆ ಇದೆ, ಆ ರಾಜ ಬಲವಾಗಿದ್ದ, ಶತ್ರುಗಳೆಲ್ಲ ಹೊರಗಡೆ ಇದ್ರು, ಉದಯಗಿರಿ, ಕಳಿಂಗ, 1520ರ ರಾಯಚೂರು ಯುದ್ಧ. ಹುಡುಗ ಹುಡುಗಿ ಇಬ್ಬರೂ ಒಂದೇ ಕಡೆ ನಿಲ್ಲಬೇಕಾಗತ್ತೆ. ನಮಗೆ ಬೇಕಿರೋದು ಊರೇ ಎರಡು ಭಾಗ ಆಗೋ ಕಾಲ.

ಅದು ಸಿಗೋದು 1529 ಮತ್ತು 1542ರ ನಡುವೆ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ, ಅವನ ಮಗ ಇನ್ನೂ ಹಸುಗೂಸು, ತಮ್ಮ ಅಚ್ಯುತರಾಯನಿಗೆ ಪಟ್ಟ ಆಯ್ತು. ಆದ್ರೆ ಕೃಷ್ಣದೇವರಾಯನ ಅಳಿಯ ರಾಮರಾಯ ಸುಮ್ಮನೆ ಕೂರಲಿಲ್ಲ, ಅವನದೇ ಒಂದು ಬಣ ಬೆಳೀತು. ಈ ಕಡೆ ಅಚ್ಯುತರಾಯನ ರಾಣಿ ವರದಾಂಬಿಕೆಯ ಅಣ್ಣತಮ್ಮಂದಿರು, ಸಲಕರಾಜು ಮನೆತನದವರು, ಆಸ್ಥಾನದಲ್ಲಿ ಬಲವಾದ್ರು. 1542ರಲ್ಲಿ ಅಚ್ಯುತರಾಯನೂ ಹೋದ. ಅವನ ಎಳೇ ಮಗ ವೆಂಕಟಾದ್ರಿಯನ್ನ ಪಟ್ಟಕ್ಕೆ ಕೂರಿಸಿದ್ರು, ಸೋದರಮಾವನಾದ ಸಲಕರಾಜು ತಿರುಮಲನೇ ಆ ಹುಡುಗನನ್ನ ಕೊಲ್ಲಿಸಿ ಅಧಿಕಾರ ಹಿಡಿದ. ರಾಮರಾಯ ಅದೇ ರಾಜಮನೆತನದ ಸದಾಶಿವರಾಯನ ಹೆಸರಲ್ಲಿ ದಂಡು ಕಟ್ಟಿಕೊಂಡು ಬಂದು ಅವನನ್ನ ಸೋಲಿಸಿದ. 13 ವರ್ಷ ಒಂದೇ ಪಟ್ಟಣದ ಒಳಗೆ ಎರಡು ಬಣ. ಗೆಳೆಯರನ್ನ ಬೇರೆ ಮಾಡೋಕೆ ಇದಕ್ಕಿಂತ ಒಳ್ಳೇ ಕಾಲ ನಾವು ಕಲ್ಪನೆ ಮಾಡಿ ಹುಟ್ಟಿಸಿದ್ರೂ ಸಿಗಲ್ಲ.

ಇಸವಿ ಸಿಕ್ಕಿದ್ಮೇಲೆ ಅದನ್ನ ಆ ಕಾಲದವರ ಲೆಕ್ಕಕ್ಕೆ ತಿರುಗಿಸಿ. ಅವರಿಗೆ 1529 ಅಂದ್ರೆ ಏನೂ ಅರ್ಥ ಆಗಲ್ಲ, ಶಕ ವರ್ಷ ಮತ್ತು ಸಂವತ್ಸರದ ಹೆಸರು ಬೇಕು. ಶಕ ಬೇಕಂದ್ರೆ ಇಸವಿಯಿಂದ 78 ಕಳೀರಿ. ಸಂವತ್ಸರ ಗೊತ್ತಾಗಬೇಕಂದ್ರೆ ಈ ಕಾಲದ ಗೊತ್ತಿರೋ ಒಂದು ವರ್ಷದಿಂದ 60ರ ಲೆಕ್ಕದಲ್ಲಿ ಹಿಂದಕ್ಕೆ ಹೋಗಿ, 60 ವರ್ಷಕ್ಕೊಮ್ಮೆ ಅದೇ ಹೆಸರು ಬರತ್ತೆ. 2009 ವಿರೋಧಿ ಸಂವತ್ಸರ, ಅದರಿಂದ 480 ಕಳೆದ್ರೆ 1529. ಅಂದ್ರೆ ಕೃಷ್ಣದೇವರಾಯ ಸತ್ತು ಊರು ಒಡೆದ ವರ್ಷದ ಹೆಸರೇ ವಿರೋಧಿ! 2022 ಶುಭಕೃತು, ಹಾಗಾಗಿ 1542 ಕೂಡ ಶುಭಕೃತು. ಈ ಲೆಕ್ಕ ಮೊದಲ ಸಲ ಹಾಕಿ ನೋಡಿದಾಗ ನಾನು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ, ಇಬ್ಬರು ಗೆಳೆಯರು ದೂರ ಆಗೋ ವರ್ಷ ವಿರೋಧಿ, ಮತ್ತೆ ಹತ್ತಿರ ಬರೋ ವರ್ಷ ಶುಭಕೃತು, ಕಥೆಯ ಭಾಗಗಳಿಗೆ ಹೆಸರು ಹುಡುಕೋ ಕೆಲಸವೇ ಇಲ್ಲ. ಒಂದು ಎಚ್ಚರಿಕೆ ಮಾತ್ರ, ಸಂವತ್ಸರ ಬದಲಾಗೋದು ಯುಗಾದಿಗೆ, ಜನವರಿ ಫೆಬ್ರವರಿಲಿ ನಡೆಯೋ ಸೀನ್ ಇದ್ರೆ ಅದು ಹಿಂದಿನ ಸಂವತ್ಸರಕ್ಕೇ ಸೇರತ್ತೆ.

ಈಗ ವಯಸ್ಸು ಕೂಡಿಸಿ. ವಿರೋಧಿಯಲ್ಲಿ ಹುಡುಗನಿಗೆ 11, ಹುಡುಗಿಗೆ 10 ಅಂತ ಇಟ್ಕೊಂಡ್ರೆ ಶುಭಕೃತುವಿನಲ್ಲಿ 24 ಮತ್ತು 23. ನಮ್ಮ ಕಥೆಗೆ ಸರಿಯಾದ ವಯಸ್ಸು.

ಎರಡನೇ ಹೆಜ್ಜೆ: ಜಗಳಕ್ಕೆ ಭೂಮಿ ಕೊಡಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಇಲ್ಲಿ ಅವಸರ ಮಾಡಬೇಡಿ.

ವಿಜಯನಗರದಲ್ಲಿ ಅಮರನಾಯಕರು ಅಂತ ಇದ್ರು. ರಾಯ ಒಬ್ಬ ನಾಯಕನಿಗೆ ಸೀಮೆ ಬಿಟ್ಟುಕೊಡ್ತಿದ್ದ, ಅದರ ಹುಟ್ಟುವಳಿಯಲ್ಲಿ ನಾಯಕ ಇಷ್ಟು ಕುದುರೆ, ಇಷ್ಟು ಕಾಲಾಳು ಸಾಕಬೇಕು, ರಾಯನಿಗೆ ಸಲ್ಲಬೇಕಾದ ಪಾಲನ್ನ ಮಹಾನವಮಿ ಹೊತ್ತಿಗೆ ತಂದು ಒಪ್ಪಿಸಬೇಕು. ಹೇಳಿದಷ್ಟು ದಂಡು ಸಾಕದೇ ಇದ್ರೆ ಸೀಮೆ ಕೈತಪ್ಪಿ ಹೋಗತ್ತೆ, ಮನೆತನ ಬೀದಿಗೆ ಬರತ್ತೆ. ಅಂದ್ರೆ ಭೂಮಿ ಅಪ್ಪನಿಂದ ಮಗನಿಗೆ ತಾನಾಗೇ ಬರೋ ಆಸ್ತಿ ಅಲ್ಲ, ಇವತ್ತು ನಿಮ್ಮದು, ನಾಳೆ ಪಕ್ಕದ ಮನೆಯವರದು.

ನಮ್ಮ ಕಥೆ ಇಲ್ಲೇ ಇದೆ. ಹುಡುಗನ ಅಪ್ಪ ರಾಮರಾಯನ ಕಡೆಯವನು. ಅಚ್ಯುತರಾಯನ ಪಟ್ಟ ಆದ್ಮೇಲೆ ಅವನ ಸೀಮೆ ಕಿತ್ತು ಹುಡುಗಿಯ ಅಪ್ಪನಿಗೆ ಕೊಟ್ರು. ನಿನ್ನೆವರೆಗೂ ಒಂದೇ ಅಂಗಳದಲ್ಲಿ ಆಡ್ತಿದ್ದ ಮಕ್ಕಳು, ಇವತ್ತು ಒಬ್ಬರ ಮನೆಗೆ ಇನ್ನೊಬ್ಬರು ಬಂದು ಕೂತಿದಾರೆ.

ಇಷ್ಟಕ್ಕೇ ನಿಲ್ಲಿಸಿದ್ರೆ ಹುಡುಗ ಪಾಪ, ಹುಡುಗಿ ಮನೆಯವರು ಕೆಟ್ಟವರು ಅಂತಾಗಿ ಕಥೆ ಒಂದೇ ಕಡೆ ವಾಲತ್ತೆ. ಇಬ್ಬರ ಕಡೆಗೂ ನ್ಯಾಯ ಇರಬೇಕು. ನಾನಾಗಿದ್ರೆ ಹೀಗೆ ಮಾಡ್ತೀನಿ, ಹುಡುಗನ ಅಪ್ಪ ಒಳ್ಳೆಯವನೇ, ರೈತರು ಅವನನ್ನ ಈಗಲೂ ನೆನೀತಾರೆ, ಆದ್ರೆ ಲೆಕ್ಕದಲ್ಲಿ 300 ಕುದುರೆ ತೋರಿಸಿ ಲಾಯದಲ್ಲಿ 180 ಮಾತ್ರ ಇಟ್ಟಿದ್ದ, ಬರಗಾಲದ ವರ್ಷ ರೈತರ ಮೇಲೆ ಹೊರೆ ಹಾಕೋಕೆ ಮನಸ್ಸು ಬರಲಿಲ್ಲ ಅಂತ. ಹುಡುಗಿಯ ಅಪ್ಪ ಸೀಮೆ ಕಸ್ಕೊಂಡವನು ನಿಜ, ಆದ್ರೆ ಒಡೆದುಹೋಗಿದ್ದ ಕೆರೆ ಏರಿ ಕಟ್ಟಿಸಿ ಬೀಳು ಬಿದ್ದಿದ್ದ ಗದ್ದೆಗೆ ನೀರು ಬಿಟ್ಟವನೂ ಅವನೇ. ಈಗ ನಿಮಗೆ ಯಾರ ಪರ ನಿಲ್ಲಬೇಕು ಅಂತ ಗೊತ್ತಾಗಲ್ಲ ಅಲ್ವಾ, ಆ ಸ್ಥಿತಿ ಬರೋವರೆಗೂ ಮುಂದಿನ ಹೆಜ್ಜೆಗೆ ಹೋಗಬೇಡಿ.

ಮೂರನೇ ಹೆಜ್ಜೆ: ಹುಡುಗಿಗೆ ಕೆಲಸ ಕೊಡಿ

23 ವರ್ಷದ ನಾಯಕನ ಮಗಳು ಆ ಕಾಲದಲ್ಲಿ ಮದುವೆ ಆಗದೇ ಹೇಗೆ ಉಳಿದ್ಲು? ಓದುಗರು ಕೇಳೇ ಕೇಳ್ತಾರೆ. ಕನಸಿನ ರಾಜಕುಮಾರ ಸಿಗಲಿಲ್ಲ ಅಂತ ಬರೆದ್ರೆ ನಂಬಲ್ಲ.

ಇದಕ್ಕೆ ಉತ್ತರ ನ್ಯೂನಿಜ್ ಬರಹದಲ್ಲಿದೆ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಇವನು, ಸರಿಯಾಗಿ ನಮ್ಮ ಕಥೆಯ ನಡುಮಧ್ಯ ಅಲ್ಲಿದ್ದ. ಅರಮನೆಯಲ್ಲಿ ಕುಸ್ತಿ ಆಡೋ ಹೆಂಗಸರಿದ್ರು, ಜ್ಯೋತಿಷ್ಯ ಹೇಳೋರಿದ್ರು, ಖರ್ಚಿನ ಲೆಕ್ಕ ಪೂರ್ತಿ ಬರೆಯೋ ಹೆಂಗಸರಿದ್ರು ಅಂತ ಅವನು ಬರೆದಿದಾನೆ. ನಮ್ಮ ಹುಡುಗಿಯನ್ನ ಆ ಲೆಕ್ಕ ಬರೆಯೋರ ಸಾಲಲ್ಲಿ ಕೂರಿಸಿ. ಕತ್ತಿ ಹಿಡಿದ ನಾಯಕಿ ಎಲ್ಲ ಕಥೆಲೂ ಬರ್ತಾಳೆ, ಆದ್ರೆ ಕಡತ ಹಿಡಿದು ಕೂತವಳಿಗೆ ಪಟ್ಟಣದ ಪ್ರತಿಯೊಬ್ಬ ನಾಯಕನ ಗುಟ್ಟೂ ಗೊತ್ತಿರತ್ತೆ, ಅವಳ ಗೆಳೆಯನ ಅಪ್ಪನ 180 ಕುದುರೆ ಗುಟ್ಟೂ ಸೇರಿ.

ಕಡತ ಅಂದ್ರೆ ಏನು ಅಂತ ಒಂದು ಸಾಲಲ್ಲಾದ್ರೂ ತೋರಿಸಿ, ಈಗಿನವರಿಗೆ ಫೈಲ್ ಅಂತಷ್ಟೇ ಗೊತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಗೆ ಗಟ್ಟಿ ಮಾಡಿ ಮಡಿಸಿಟ್ಕೋತಿದ್ರು, ಬಳಪದಲ್ಲಿ ಬರೆದ್ರೆ ಬಿಳೀ ಅಕ್ಷರ ಮೂಡತ್ತೆ, ಬೇಡ ಅಂದ್ರೆ ಅಳಿಸಬಹುದು. ತಾಳೆಗರಿ ಹಾಗಲ್ಲ, ಕಬ್ಬಿಣದ ಕಂಟದಲ್ಲಿ ಕೊರೆದಿದ್ದು ಹೋಗಲ್ಲ. ಈ ವ್ಯತ್ಯಾಸನ ಕಥೆಗೆ ಬಳಸ್ಕೊಳ್ಳಿ, ಅಳಿಸಬಹುದಾದ ಕಡತದ ಮೇಲೆ ಆ 180ರ ಸಂಖ್ಯೆ ಇದೆ, ಬೆರಳ ತುದಿ ಒದ್ದೆ ಮಾಡಿ ಒರೆಸಿದ್ರೆ ಅವನ ಮನೆತನದ ಮೇಲಿನ ಕಳಂಕ ಹೋಗತ್ತೆ, ಅವಳ ಅಪ್ಪನ ಹಕ್ಕೂ ಅದರ ಜೊತೆಗೇ ಹೋಗತ್ತೆ. ಒರೆಸ್ತಾಳಾ ಇಲ್ವಾ, ನಿಮ್ಮ ಕಥೆ ನಿಂತಿರೋದೇ ಆ ಒದ್ದೆ ಬೆರಳ ಮೇಲೆ.

ನಾಲ್ಕನೇ ಹೆಜ್ಜೆ: ಬಾಲ್ಯ ಚಿಕ್ಕದಾಗಿರಲಿ

ಬಾಲ್ಯಕ್ಕೆ ಎರಡು ಸೀನ್ ಸಾಕು. ಮಾವಿನಕಾಯಿ ಕದ್ದಿದ್ದು, ಮಳೇಲಿ ನೆಂದಿದ್ದು ಅಂತ ಹತ್ತು ಪುಟ ಬರೀಬೇಡಿ. ಒಂದು ಆಟ ಆರಿಸ್ಕೊಳ್ಳಿ. ಹಂಪಿಗೆ ಹೋದವರು ನೋಡಿರ್ತೀರಿ, ಮಂಟಪದ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನ ಕೊರೆದಿರೋದು ಈಗಲೂ ಇದೆ. ನಾನು ಆಡು ಹುಲಿ ಆಟ ತಗೋತೀನಿ, ಯಾಕಂದ್ರೆ ಅದರಲ್ಲಿ ಎರಡೂ ಕಡೆ ಒಂದೇ ಥರ ಇರಲ್ಲ, ಹುಲಿ ಹಾರಿ ಆಡನ್ನ ತಿನ್ನತ್ತೆ, ಆಡುಗಳು ಸೇರಿಕೊಂಡು ಹುಲಿಗೆ ದಾರಿ ಇಲ್ಲದ ಹಾಗೆ ಕಟ್ಟಿಹಾಕ್ತವೆ. ಹುಡುಗ ಯಾವಾಗಲೂ ಹುಲಿ ಕೇಳ್ತಿದ್ದ, ಹುಡುಗಿ ತಕರಾರಿಲ್ಲದೆ ಆಡು ತಗೊಂಡು ನಿಧಾನಕ್ಕೆ ಅವನನ್ನ ಮೂಲೆಗೆ ತಳ್ತಿದ್ಲು. ದೊಡ್ಡವರಾದ್ಮೇಲೆ ಆಸ್ಥಾನದಲ್ಲಿ ಇಬ್ಬರೂ ಆಡೋದು ಇದೇ ಆಟ, ಅವನು ನುಗ್ತಾನೆ, ಅವಳು ಕಾಯ್ತಾಳೆ. ಇದನ್ನ ನೀವು ಬಾಯಿಬಿಟ್ಟು ಹೇಳಲೇಬೇಡಿ, ಓದುಗರೇ ಹಿಡ್ಕೋತಾರೆ.

ಐದನೇ ಹೆಜ್ಜೆ: ನೀನು, ತಾವು

ಕನ್ನಡದಲ್ಲಿ ಬರೆಯೋರಿಗೆ ಸಿಕ್ಕಿರೋ ವರ ಇದು, ತುಂಬಾ ಜನ ಉಪಯೋಗಿಸ್ಕೊಳ್ಳೋದೇ ಇಲ್ಲ. ಬಾಲ್ಯದ ಗೆಳೆಯರು ಏಕವಚನದಲ್ಲಿ ಮಾತಾಡ್ತಾರೆ, ಕಣೋ, ಕಣೇ, ಹೋಗೋ, ಬಾರೇ. ಎದುರಾಳಿಗಳಾದ ದಿನ ಅದು ತಾವು ಆಗತ್ತೆ. ಮುನಿಸು ತೋರಿಸೋಕೆ ಬೈಗುಳ ಬೇಕಾಗೇ ಇಲ್ಲ, ಒಂದು ತಾವು ಸಾಕು, ಎದೆಗೆ ಚುಚ್ಚಿದ ಹಾಗಿರತ್ತೆ. ಆಮೇಲೆ ಎಲ್ಲೋ ಒಂದು ಕಡೆ, ಯಾರೂ ಯೋಚನೆ ಮಾಡದ ಹೊತ್ತಲ್ಲಿ, ಆ ಹಳೇ ಏಕವಚನ ಬಾಯಿ ತಪ್ಪಿ ಬಂದುಬಿಡಬೇಕು. ಐ ಲವ್ ಯೂ ಅನ್ನೋದಕ್ಕೆ ಆ ಕಾಲದ ಕನ್ನಡದಲ್ಲಿ ಏನು ಬರೀಲಿ ಅಂತ ಒದ್ದಾಡೋರಿಗೆ ನನ್ನ ಉತ್ತರ ಇದೇ, ಏನೂ ಬರೀಬೇಡಿ, ತಾವು ಹೋಗಿ ನೀನು ಬಂದ್ರೆ ಮುಗೀತು.

ಒಂದು ಸೀನ್ ತೋರಿಸ್ತೀನಿ. ಜಾಗ, ಆನೆಗೊಂದಿಗೆ ಹೋಗೋ ತುಂಗಭದ್ರೆಯ ಕಡವು. 1520ರ ಸುಮಾರಿಗೆ ಬಂದಿದ್ದ ಪಾಯಸ್ ಅನ್ನೋ ಇನ್ನೊಬ್ಬ ಪೋರ್ಚುಗೀಸ ಇಲ್ಲಿನ ಹರಿಗೋಲನ್ನ ಬುಟ್ಟಿ ಥರ ಗುಂಡಗಿದೆ, ಒಳಗೆ ಬೆತ್ತ, ಹೊರಗೆ ತೊಗಲು, 15–20 ಜನ ಹಿಡೀತಾರೆ ಅಂತ ಬರೆದಿದಾನೆ. ಗುಂಡಗಿರೋದ್ರಿಂದ ಯಾರೂ ಯಾರಿಗೂ ಬೆನ್ನು ಹಾಕಿ ಕೂರೋಕೆ ಆಗಲ್ಲ, ಮುಖಕ್ಕೆ ಮುಖ ಕೊಟ್ಟೇ ಕೂರಬೇಕು, ಎದುರಾಳಿಗಳಿಗೆ ಇದಕ್ಕಿಂತ ಕಷ್ಟದ ಜಾಗ ಇಲ್ಲ.

"ತಮಗೆ ಜಾಗ ಸಾಲದು ಅನ್ಸತ್ತೆ," ಅವನು ಮೊಣಕಾಲು ಹಿಂದಕ್ಕೆಳೆದುಕೊಂಡ.

"ತಮ್ಮ ಜಾಗವನ್ನು ನಾನೇನೂ ಕೇಳಲಿಲ್ಲ."

"ಕೇಳಿ ತಗೊಳ್ಳೋ ಪದ್ಧತಿ ತಮ್ಮ ಮನೆಯಲ್ಲಿಲ್ಲ, ಗೊತ್ತು."

ಅವಳು ಮಾತಾಡಲಿಲ್ಲ, ತೊಡೆ ಮೇಲಿದ್ದ ಕಡತದ ಗಂಟನ್ನು ಬಿಗಿ ಮಾಡಿದಳು. ನಡುಹೊಳೆಯಲ್ಲಿ ಸುಳಿ ಸಿಕ್ಕಿತು. ಹರಿಗೋಲು ಒಂದು ಸುತ್ತು ತಿರುಗಿ ಅವಳಿದ್ದ ಕಡೆ ವಾಲಿತು, ಗಂಟು ಜಾರಿತು, ಅದರ ಹಿಂದೆ ಅವಳೂ.

"ಏಯ್, ಅಂಚು ಹಿಡ್ಕೊಳ್ಳೇ! ಗಂಟು ಹೋದ್ರೆ ಹೋಗ್ಲಿ ಬಿಡೇ!"

ಅಂಬಿಗ ಹುಟ್ಟು ಹಾಕಿ ಸರಿಮಾಡಿದ. ಗಂಟು ಹುಡುಗನ ಕೈಯಲ್ಲೇ ಇತ್ತು, ತೋಳಿನವರೆಗೂ ನೀರು. ಆ ದಡ ಬರೋವರೆಗೂ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಅವನು ಹೋಗ್ಲಿ ಬಿಡು ಅಂದ ಗಂಟಲ್ಲೇ ಅವನ ಅಪ್ಪನ ಲೆಕ್ಕ ಇದೆ ಅಂತ ಅವಳಿಗೆ ಮಾತ್ರ ಗೊತ್ತು. ಸೀನ್ ಅಲ್ಲಿಗೇ ನಿಲ್ಲಿಸಿ, ಆಮೇಲೆ ಯಾರ ಮನಸ್ಸಲ್ಲಿ ಏನು ಓಡ್ತಿತ್ತು ಅಂತ ಒಂದು ಪ್ಯಾರಾ ಸೇರಿಸೋ ಆಸೆ ಬರತ್ತೆ, ತಡ್ಕೊಳ್ಳಿ.

ಆರನೇ ಹೆಜ್ಜೆ: ಆ ಕಾಲಕ್ಕಿಲ್ಲದ್ದನ್ನ ಹೆಕ್ಕಿ ತೆಗೀರಿ

ಇದನ್ನ ಎರಡನೇ ಡ್ರಾಫ್ಟಲ್ಲಿ ಮಾಡಿ, ಮೊದಲನೇದ್ರಲ್ಲಿ ಮಾಡಿದ್ರೆ ಕೈ ಓಡಲ್ಲ. ಊಟದಲ್ಲಿ ಟೊಮೆಟೊ, ಆಲೂಗಡ್ಡೆ ಬೇಡ, ಅವು ಅಮೆರಿಕದಿಂದ ಬಂದವು. ಮೆಣಸಿನಕಾಯಿಯೂ ಅಲ್ಲಿಂದಲೇ ಪೋರ್ಚುಗೀಸರ ಹಡಗಲ್ಲಿ ಬಂದಿದ್ದು, 1530ರ ಅಡುಗೆಮನೇಲಿ ಖಾರ ಬೇಕಂದ್ರೆ ಕಾಳುಮೆಣಸು ಹಾಕಿಬಿಡಿ, ಯಾರೂ ತಪ್ಪು ಹುಡುಕಲ್ಲ. ರೊಟ್ಟಿಗೆ ಜೋಳ, ಮುದ್ದೆಗೆ ರಾಗಿ ಇದ್ದೇ ಇದೆ. ರೂಪಾಯಿ ಅನ್ನಬೇಡಿ, ಆ ನಾಣ್ಯ ಉತ್ತರದಲ್ಲಿ ಶೇರ್ ಷಾ ಹೊರಡಿಸಿದ್ದು. ಇಲ್ಲಿ ಚಿನ್ನದ ವರಹ, ಅದರ ಅರ್ಧ ಪ್ರತಾಪ, ಸಣ್ಣದು ಹಣ, ಬೆಳ್ಳಿಯದು ತಾರ, ತಾಮ್ರದ್ದು ಜೀತಲ. ಐದು ನಿಮಿಷ, ಒಂದು ಗಂಟೆ ಅಂತ ಪಾತ್ರಗಳ ಬಾಯಲ್ಲಿ ಬರಬಾರದು, ದಿನಕ್ಕೆ 60 ಘಳಿಗೆ, ಒಂದು ಘಳಿಗೆ ನಮ್ಮ 24 ನಿಮಿಷ, ಮೂರು ಗಂಟೆಗೊಂದು ಜಾವ.

ಮಾತುಗಳ ವಿಷಯದಲ್ಲಿ ನಾನೇ ಪೆಟ್ಟು ತಿಂದಿದೀನಿ. ನನ್ನ ಒಂದು ಕಥೆಯಲ್ಲಿ ದರ್ಬಾರು, ಖಜಾನೆ, ಸಿಪಾಯಿ, ಜವಾಬ್ದಾರಿ ಅಂತೆಲ್ಲ ಬರೆದಿದ್ದೆ, ಓದಿದ ಹಿರಿಯರೊಬ್ಬರು ಒಂದೊಂದಕ್ಕೂ ಗೆರೆ ಎಳೆದು ವಾಪಸ್ ಕೊಟ್ರು. ಇವೆಲ್ಲ ಫಾರಸಿ, ಅರಬ್ಬಿ ಕಡೆಯಿಂದ ಬಂದ ಮಾತು, ನಮ್ಮ ಬಾಯಲ್ಲಿ ಈಗ ಅಚ್ಚ ಕನ್ನಡದ ಹಾಗೇ ಇವೆ, ಹಾಗಾಗಿ ಅನುಮಾನವೇ ಬರಲ್ಲ. ಓಲಗ, ಬೊಕ್ಕಸ, ಕಾಲಾಳು, ಹೊಣೆ ಅಂತ ಹಾಕಿ ನೋಡಿ, ಸಾಲಿನ ಕಾಲವೇ ಬದಲಾಗತ್ತೆ. ಹಾಗಂತ ಹಳಗನ್ನಡ ತುಂಬಬೇಡಿ. ಸರಳವಾದ ಕನ್ನಡ, ಹೊಸ ಮಾತು ಮಾತ್ರ ಇಲ್ಲ, ಅಷ್ಟೇ.

ಬಟ್ಟೆಬರೆಗೆ ಲೇಪಾಕ್ಷಿಯ ಚಾವಣಿ ಚಿತ್ರಗಳನ್ನ ನೋಡಿ, ಅಚ್ಯುತರಾಯನ ಕಾಲದವೇ ಅವು. ಗಂಡಸರ ತಲೆ ಮೇಲೆ ಎತ್ತರದ ಕುಳ್ಳಾಯಿ, ಮೈಮೇಲೆ ತೋಳಿನ ಅಂಗಿ ಇರತ್ತೆ, ಸಿನಿಮಾದಲ್ಲಿ ತೋರಿಸೋ ಬರೀ ಎದೆ, ಮಿಂಚೋ ಕಿರೀಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಟ್ಟಡಗಳಿಗೂ ಹೀಗೇ ಇಸವಿ ನೋಡ್ಕೊಳ್ಳಿ, ಉಗ್ರನರಸಿಂಹ 1528ರದ್ದು, ನಮ್ಮ ಮಕ್ಕಳು ಅದನ್ನ ಕಡೆಯೋದನ್ನೇ ನಿಂತು ನೋಡಿರಬಹುದು. ಅಚ್ಯುತರಾಯನ ಗುಡಿ ಅಂತ ಈಗ ಕರೆಯೋ ತಿರುವೆಂಗಳನಾಥನ ಗುಡಿ 1534ರದ್ದು, ಬಾಲ್ಯದ ಸೀನಲ್ಲಿ ಅದರ ಗೋಪುರದ ನೆರಳಲ್ಲಿ ಕೂರಿಸಿದ್ರೆ ತಪ್ಪಾಗತ್ತೆ.

ಏಳನೇ ಹೆಜ್ಜೆ: ಕತ್ತಿ ಒಂದೇ ಸಲ ಹೊರಗೆ ಬರಲಿ

ನ್ಯೂನಿಜ್ ಇನ್ನೊಂದು ವಿಷಯ ಬರೆದಿದಾನೆ, ವಿಜಯನಗರದಲ್ಲಿ ದ್ವಂದ್ವಯುದ್ಧಕ್ಕೆ ತುಂಬಾ ಮರ್ಯಾದೆ, ಮಂತ್ರಿಯ ಅಪ್ಪಣೆ ಕೇಳಬೇಕು, ಕೇಳಿದ್ರೆ ಸಿಗತ್ತೆ, ಸತ್ತವನ ಆಸ್ತಿ ಬದುಕಿ ಉಳಿದವನಿಗೆ. ಕಥೆಗಾರರಿಗೆ ಇದು ಚಿನ್ನದಂಥಾ ಸುದ್ದಿ. ಹುಡುಗ ತನ್ನ ಸೀಮೆ ವಾಪಸ್ ಪಡೆಯೋಕೆ ಹುಡುಗಿಯ ಅಣ್ಣನನ್ನ ದ್ವಂದ್ವಕ್ಕೆ ಕರೀತಾನೆ, ಗೆದ್ರೆ ಭೂಮಿ ಸಿಗತ್ತೆ, ಅವಳು ಶಾಶ್ವತವಾಗಿ ಹೋಗ್ತಾಳೆ, ಸೋತ್ರೆ ಅವನೇ ಇರಲ್ಲ. ಇದನ್ನ ತಡೆಯೋ ಶಕ್ತಿ ಇರೋದು ಒಂದಕ್ಕೇ, ಆ ಕಡತಕ್ಕೆ. ಅವಳು ಅದನ್ನ ಮಂತ್ರಿಗೆ ತೋರಿಸಿದ್ರೆ ಅವನ ಅಪ್ಪನ ಹೆಸರು ಹಾಳು, ಅವನ ಪ್ರಾಣ ಉಳಿಯತ್ತೆ. ಅವನಿಗೆ ಪ್ರಾಣಕ್ಕಿಂತ ಅಪ್ಪನ ಹೆಸರು ದೊಡ್ಡದು ಅಂತ ಬಾಲ್ಯದಿಂದ ನೋಡಿದವಳು ಅವಳು. ನನ್ನ ಕಥೆಯಲ್ಲಾದ್ರೆ ಅವಳು ಮಂತ್ರಿ ಹತ್ತಿರ ಹೋಗಲ್ಲ, ರಾತ್ರಿ ಆ ಮಂಟಪಕ್ಕೆ ಅವನನ್ನ ಕರೆಸಿ, ಆಡು ಹುಲಿ ಮನೆ ಕೊರೆದಿರೋ ಕಲ್ಲಿನ ಮೇಲೆ ಕಡತ ಬಿಚ್ಚಿಟ್ಟು ಅವನಿಗೇ ಓದೋಕೆ ಹೇಳ್ತಾಳೆ. ಸತ್ಯ ಮೊದಲು ತಿಳೀಬೇಕಾಗಿರೋದು ಅವನಿಗೆ. ಆಮೇಲೆ ಒರೆಸೋದು ಬಿಡೋದು ಅವನ ಕೈಲಿ. ನಿಮ್ಮ ಕಥೆಯಲ್ಲಿ ಬೇರೆ ಆಗಬಹುದು, ಆದ್ರೆ ನಿರ್ಧಾರ ಅವರಿಬ್ಬರಲ್ಲೇ ಯಾರಾದ್ರೂ ಮಾಡಲಿ, ರಾಮರಾಯ ದಂಡು ತಗೊಂಡು ಬಂದ ಕೂಡ್ಲೇ ಎಲ್ಲ ತಾನಾಗೇ ಸರಿಹೋಯ್ತು ಅಂತ ಮಾಡಬೇಡಿ. ದಂಡು ಬರಲಿ, ಬಣ ಬದಲಾಗಲಿ, ಅಷ್ಟರೊಳಗೆ ಇವರ ತೀರ್ಮಾನ ಆಗಿರಲಿ.

ಕೊನೇ ಹೆಜ್ಜೆ: ಎಲ್ಲಿ ನಿಲ್ಲಿಸೋದು

1542ರಲ್ಲಿ ಇಬ್ಬರೂ ಸೇರಿದ್ರು ಅಂತ ಇಟ್ಕೊಳ್ಳಿ. ಓದುಗರಿಗೆ ಗೊತ್ತು, 1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿ ಯುದ್ಧ, ರಾಮರಾಯ ಬೀಳ್ತಾನೆ, ಈ ಪಟ್ಟಣ ಉಳಿಯಲ್ಲ. ಅಷ್ಟು ಹೊತ್ತಿಗೆ ನಮ್ಮ ಹುಡುಗಿಗೆ ಸುಮಾರು 45. ಆ ಸಂವತ್ಸರದ ಹೆಸರು ಲೆಕ್ಕ ಹಾಕಿದ್ರೆ ರಕ್ತಾಕ್ಷಿ ಅಂತ ಬರತ್ತೆ. ಕೆಲವರು ಇದನ್ನೂ ಸೇರಿಸಿ, ಉರಿಯೋ ಪಟ್ಟಣದಲ್ಲಿ ಇಬ್ಬರನ್ನೂ ಸಾಯಿಸಿ ಮುಗಿಸ್ತಾರೆ. ನನಗೆ ಅದು ಬೇಡ ಅನ್ಸತ್ತೆ. ಓದುಗರಿಗೆ ಗೊತ್ತಿರೋದನ್ನ ಪಾತ್ರಗಳಿಗೆ ಗೊತ್ತಿಲ್ಲದ ಹಾಗೆ ಬಿಟ್ರೆ ಆ ದುಃಖ ತಾನಾಗೇ ಬರತ್ತೆ.

ಹಾಗಾಗಿ ಕೊನೇ ಸೀನ್ ಶುಭಕೃತುವಿನಲ್ಲೇ ಇರಲಿ, ಅದೇ ಮಂಟಪ, ಅದೇ ಕಲ್ಲು. ಅವನು ಬೆಣಚುಕಲ್ಲು ಹೆಕ್ಕಿ ತಂದು ಮನೆಗಳಲ್ಲಿ ಜೋಡಿಸ್ತಾನೆ, ಮೊದಲ ಸಲ ಆಡುಗಳನ್ನ ತನ್ನ ಕಡೆ ಇಟ್ಕೊಂಡು ಹುಲಿಗಳನ್ನ ಅವಳ ಕಡೆ ತಳ್ತಾನೆ.

"ನಿನಗೆ ಆಡು ನಡೆಸೋಕೆ ಬರಲ್ಲ ಕಣೋ," ಅಂತಾಳೆ ಅವಳು.

"ಕಲಿಸು."